ಮನೆಯಂಗಳದಲ್ಲಿ ತಿಮರೆ: ಗುರುತು, ಕೃಷಿ ಮತ್ತು ಸಂಶೋಧನೆ ಹೇಳುವಷ್ಟೇ ಬಳಕೆ

ಕನ್ನಡದಲ್ಲಿ ಒಂದೆಲಗ ಎಂದೂ ತುಳುವಿನಲ್ಲಿ ತಿಮರೆ ಎಂದೂ ಕರೆಯುವ ಸೊಪ್ಪನ್ನು ನಮ್ಮ ಉಡುಪಿ, ಮಂಗಳೂರು ಕಡೆಯಲ್ಲಿ ಹಿಂದೆ ಯಾರೂ ನೆಟ್ಟು ಬೆಳೆಸುತ್ತಿರಲಿಲ್ಲ. ಗದ್ದೆಯ ಹುಣಿ, ಬಾವಿಕಟ್ಟೆಯ ಬುಡ, ಬಚ್ಚಲ ನೀರು ಹರಿಯುವ ಕಣಿ ಹೀಗೆ ತಂಪಿದ್ದಲ್ಲೆಲ್ಲ ಅದು ತಾನಾಗಿ ಹಬ್ಬುತ್ತಿತ್ತು. ಬೇಕಾದಾಗ ಒಂದು ಹಿಡಿ ಚಿವುಟಿ ತಂದು ಚಟ್ನಿಯನ್ನೋ ತಂಬುಳಿಯನ್ನೋ ಮಾಡಿದರೆ ಊಟಕ್ಕೆ ಸಾಕಾಗುತ್ತಿತ್ತು. ಈಗ ಬಹುಪಾಲು ಗದ್ದೆಗಳು ಹಡಿಲು ಬಿದ್ದಿವೆ, ಬಾವಿಕಟ್ಟೆಯ ಸುತ್ತ ಸಿಮೆಂಟು ಬಂದಿದೆ, ಬಚ್ಚಲ ನೀರಿನಲ್ಲಿ ಸೋಪಿನ ಪುಡಿ ಸೇರಿದೆ. ಹೀಗಾಗಿ ತಿಮರೆ ಬೇಕೆನ್ನುವವರು ಅದಕ್ಕೆಂದೇ ಜಾಗ ಮಾಡಿ ಬೆಳೆಸಬೇಕಾಗಿದೆ. ಹಾಗೆ ಬೆಳೆಸಲು ಹೊರಟವರಿಗಾಗಿ, ಹಿರಿಯಡ್ಕದ ಸಮೀಪ ನಮ್ಮ ಹಿತ್ತಲಲ್ಲಿ ಕೆಲವು ವರ್ಷಗಳಿಂದ ಕಂಡುಕೊಂಡದ್ದನ್ನೂ ಈ ಗಿಡದ ಬಗ್ಗೆ ನಡೆದಿರುವ ಸಂಶೋಧನೆಗಳನ್ನು ಓದಿ ತಿಳಿದದ್ದನ್ನೂ ಜೊತೆಗಿಟ್ಟು ಬರೆಯುತ್ತಿದ್ದೇನೆ. ಇದರಿಂದ ಯಾವ ಗುಣ ಸಿಕ್ಕೀತು ಎಂದು ಕೇಳುವ ಮೊದಲು ಕೈಯಲ್ಲಿರುವುದು ನಿಜವಾಗಿ ಯಾವ ಗಿಡ, ಅದು ಯಾವ ಮಣ್ಣಿನಲ್ಲಿ ಬೆಳೆದದ್ದು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಗುರುತಿನ ವಿಷಯ. ತಿಮರೆಯ ಸಸ್ಯಶಾಸ್ತ್ರೀಯ ಹೆಸರು ಸೆಂಟೆಲ್ಲಾ ಏಷಿಯಾಟಿಕಾ. ಲಿನೇಯಸ್ 1753ರಲ್ಲಿ ಇದನ್ನು ಹೈಡ್ರೋಕೋಟೈಲ್ ಕುಲಕ್ಕೆ ಸೇರಿಸಿದ್ದನು. 1879ರಲ್ಲಿ ಉರ್ಬಾನ್ ಎಂಬ ಸಸ್ಯವಿಜ್ಞಾನಿ ಇದನ್ನು ಸೆಂಟೆಲ್ಲಾ ಕುಲಕ್ಕೆ ವರ್ಗಾಯಿಸಿದನು. ಕೊತ್ತಂಬರಿ, ಕ್ಯಾರೆಟ್, ಜೀರಿಗೆಗಳ ಕುಟುಂಬವೇ ಇದರದ್ದೂ ಆಗಿದೆ. ಎಲೆಯನ್ನು ಬೆರಳಲ್ಲಿ ಹಿಸುಕಿ ಮೂಸಿದರೆ ಆ ನಂಟು ಗೊತ್ತಾಗುತ್ತದೆ. ಆಯುರ್ವೇದದಲ್ಲಿ ಇದು ಮಂಡೂಕಪರ್ಣಿ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ, ಅಂದರೆ ಬುದ್ಧಿಶಕ್ತಿಗೆಂದು ಹೇಳಿದ ಮದ್ದುಗಳಲ್ಲಿ, ಮೊದಲನೆಯದು ಮಂಡೂಕಪರ್ಣಿಯ ಸ್ವರಸ, ಅಂದರೆ ಹಸಿ ಗಿಡದ ರಸ. ಉಳಿದ ಮೂರು ಜ್ಯೇಷ್ಠಮಧು, ಅಮೃತಬಳ್ಳಿ ಮತ್ತು ಶಂಖಪುಷ್ಪಿ.

ತೊಂದರೆ ಶುರುವಾಗುವುದು ಬ್ರಾಹ್ಮಿ ಎಂಬ ಹೆಸರಿನಿಂದ. ನಮ್ಮಲ್ಲಿ ಒಂದೆಲಗವನ್ನು ಬ್ರಾಹ್ಮಿ ಎನ್ನುವವರು ಬಹಳ ಮಂದಿ ಇದ್ದಾರೆ. ಆದರೆ ನೀರುಬ್ರಾಹ್ಮಿ ಎಂದು ಕರೆಯುವ, ಬಕೋಪಾ ಮೊನಿಯೇರಿ ಎಂಬ ಹೆಸರಿನ ಇನ್ನೊಂದು ಗಿಡವಿದೆ. ಅದರ ಎಲೆ ಚಿಕ್ಕದು, ದಪ್ಪ, ತುದಿಯಲ್ಲಿ ಗುಂಡಗಿದ್ದು ದಂಟಿನ ಎರಡೂ ಬದಿಗೆ ಜೋಡಿಯಾಗಿ ಕೂಡಿರುತ್ತದೆ; ಹೂವು ಬಿಳಿ ಅಥವಾ ತಿಳಿನೇರಳೆ; ರುಚಿ ತೀರಾ ಕಹಿ. ಅದರಲ್ಲಿರುವುದು ಬಕೋಸೈಡ್‌ಗಳೆಂಬ ಸಂಯುಕ್ತಗಳು. ತಿಮರೆಯಲ್ಲಿರುವುದು ಏಷಿಯಾಟಿಕೋಸೈಡ್, ಮೆಡೆಕ್ಯಾಸೋಸೈಡ್ ಮತ್ತು ಅವುಗಳಿಗೆ ಸಂಬಂಧಿಸಿದ ಏಷಿಯಾಟಿಕ್ ಆಮ್ಲ, ಮೆಡೆಕ್ಯಾಸಿಕ್ ಆಮ್ಲಗಳು. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು, ಒಳಗಿನ ರಾಸಾಯನಿಕಗಳೂ ಬೇರೆ. ನೆನಪಿನ ಶಕ್ತಿಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಎಷ್ಟೋ ಫಲಿತಾಂಶಗಳು ನೀರುಬ್ರಾಹ್ಮಿಯ ಸಾರದ ಮೇಲೆ ನಡೆದ ಪ್ರಯೋಗಗಳವು. ಅವನ್ನು ಓದಿ ಒಂದೆಲಗವನ್ನು ತಿಂದರೆ, ಒಂದು ಗಿಡದ ಸಾಕ್ಷ್ಯವನ್ನು ಇನ್ನೊಂದು ಗಿಡದ ಲೆಕ್ಕಕ್ಕೆ ಬರೆದಂತಾಗುತ್ತದೆ.

ಮೂರನೆಯದೊಂದು ಗಿಡವೂ ಇದೆ. ಅದರಿಂದ ನಾನೇ ಮೋಸಹೋಗಿದ್ದೇನೆ. ಮೊದಲ ಸಲ ನರ್ಸರಿಯೊಂದರಿಂದ ಬ್ರಾಹ್ಮಿ ಎಂಬ ಚೀಟಿ ಇದ್ದ ಕುಂಡವನ್ನು ತಂದು, ನಾಲ್ಕು ತಿಂಗಳು ನೀರೆರೆದು ಬೆಳೆಸಿದೆ. ಎಲೆಗಳು ದುಂಡಗೆ, ಹೊಳಪಾಗಿ ಚೆನ್ನಾಗಿಯೇ ಬಂದವು. ಒಂದು ದಿನ ಅಮ್ಮ ಚಟ್ನಿಗೆಂದು ಚಿವುಟಲು ಹೋದವರು ಎಲೆಯನ್ನು ಮಗುಚಿ ನೋಡಿ, ಇದು ತಿಮರೆಯಲ್ಲ ಎಂದು ಬರಿಗೈಯಲ್ಲಿ ಎದ್ದು ಬಂದರು. ಅವರು ನೋಡಿದ್ದು ತೊಟ್ಟನ್ನು. ತಿಮರೆಯ ಎಲೆ ಮೂತ್ರಪಿಂಡದ ಆಕಾರದ್ದು, ಬುಡದಲ್ಲಿ ಆಳವಾದ ಕಚ್ಚು ಇರುತ್ತದೆ, ಆ ಕಚ್ಚಿನ ಮೂಲೆಗೇ ತೊಟ್ಟು ಬಂದು ಸೇರುತ್ತದೆ, ಅಲ್ಲಿಂದಲೇ ನರಗಳು ಬೀಸಣಿಗೆಯಂತೆ ಹರಡುತ್ತವೆ. ನಾನು ತಂದಿದ್ದ ಗಿಡದ ತೊಟ್ಟು ಕೊಡೆಯ ಕಡ್ಡಿಯಂತೆ ಎಲೆಯ ನಟ್ಟನಡುವಿಗೆ ಅಂಟಿಕೊಂಡಿತ್ತು. ಅದು ನೀರಿನ ತೊಟ್ಟಿಗಳಲ್ಲಿ ಅಲಂಕಾರಕ್ಕೆ ಬೆಳೆಸುವ ಹೈಡ್ರೋಕೋಟೈಲ್ ಜಾತಿಯ ಗಿಡ. ಗಿಡ ಕೊಳ್ಳುವಾಗ ಚೀಟಿಯನ್ನು ನಂಬದೆ ಎಲೆಯನ್ನು ಮಗುಚಿ ನೋಡುವುದು ಅಂದಿನಿಂದ ನನಗೆ ರೂಢಿಯಾಗಿದೆ. ಇನ್ನೂ ಖಚಿತವಾಗಬೇಕಿದ್ದರೆ ನೆಲದ ಮೇಲೆ ಹರಿಯುವ ಬಳ್ಳಿಯ ಪ್ರತಿ ಗೆಣ್ಣಿನಲ್ಲೂ ಬೇರು ಬಿಟ್ಟಿದೆಯೇ, ಎಲೆಗಳ ಮರೆಯಲ್ಲಿ ಮಣ್ಣಿಗೆ ತಾಗುವಷ್ಟು ಕೆಳಗೆ ನಸುಗೆಂಪು ಬಣ್ಣದ ಅತಿ ಚಿಕ್ಕ ಹೂಗಳಿವೆಯೇ ಎಂದು ನೋಡಬೇಕು. ಸಂಶಯ ಉಳಿದರೆ ಉದ್ಯಾವರದ ಕುತ್ಪಾಡಿಯಲ್ಲಿರುವ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನ ದ್ರವ್ಯಗುಣ (ಔಷಧಿ ಸಸ್ಯಗಳ ಅಧ್ಯಯನ) ವಿಭಾಗದವರಿಗೋ ಊರಿನ ಹಿರಿಯ ಪಂಡಿತರಿಗೋ ಬೇರು ಸಹಿತವಾದ ಒಂದು ಬಳ್ಳಿಯನ್ನು ತೋರಿಸಬಹುದು. ಎಲೆ ಮಾತ್ರ ಒಯ್ದರೆ ಅರ್ಧ ಗುರುತು ಮಾತ್ರ ಒಯ್ದಂತೆ.

ಬೀಜದಿಂದ ಬೆಳೆಸುವ ಗೋಜಿಗೆ ಹೋಗಬೇಡಿ. ಮೂರು ಗೆಣ್ಣುಗಳಿರುವ, ಅವುಗಳಲ್ಲಿ ಒಂದಾದರೂ ಈಗಾಗಲೇ ಬೇರು ಬಿಟ್ಟಿರುವ ಬಳ್ಳಿಯ ತುಂಡು ಸಾಕು. ಅದನ್ನು ಮಣ್ಣಿನಲ್ಲಿ ಹೂಳುವುದಲ್ಲ, ಮಣ್ಣಿನ ಮೇಲೆ ಮಲಗಿಸುವುದು. ಗೆಣ್ಣು ಮಣ್ಣಿಗೆ ಒತ್ತಿಕೊಂಡಿರಬೇಕು, ಎಲೆ ಮೇಲಿರಬೇಕು. ತೆಂಗಿನ ಗರಿಯ ಕಡ್ಡಿಯನ್ನು ಎರಡು ಬೆರಳಗಲಕ್ಕೆ ಮುರಿದು, ನಡುವೆ ಬಗ್ಗಿಸಿ, ಬಳ್ಳಿಯ ಮೇಲೆ ಪಿನ್ನಿನಂತೆ ಚುಚ್ಚಿಟ್ಟರೆ ಮಳೆನೀರಿಗೆ ಅದು ಸರಿದುಹೋಗುವುದಿಲ್ಲ. ಒಂದು ತುಂಡಿಗೂ ಇನ್ನೊಂದಕ್ಕೂ ಒಂದು ಗೇಣು ಅಂತರವಿರಲಿ. ಸುಮಾರು ಹತ್ತು ದಿನಗಳಲ್ಲಿ ಹೊಸ ಎಲೆ ಮಡಚಿಕೊಂಡ ಬೀಸಣಿಗೆಯಂತೆ ಮೇಲೇಳುವುದನ್ನು ಕಂಡರೆ ಬೇರು ಹಿಡಿದಿದೆ ಎಂದು ತಿಳಿಯಬಹುದು.

ಬೇರು ಆಳಕ್ಕೆ ಇಳಿಯದ ಕಾರಣ ಒಂದು ಗೇಣು ಆಳದ ಅಗಲವಾದ ತೊಟ್ಟಿ, ಹಳೆಯ ಬಾನಿ ಅಥವಾ ಗ್ರೋ ಬ್ಯಾಗ್ ಸಾಕಾಗುತ್ತದೆ. ನಮ್ಮ ಮುರಕಲ್ಲಿನ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಸಾಮಾನ್ಯವಾಗಿ ಆಮ್ಲೀಯವೂ ಹೌದು. ಆದ್ದರಿಂದ ಎರಡು ಪಾಲು ಮೇಲ್ಮಣ್ಣಿಗೆ ಒಂದು ಪಾಲು ಪೂರ್ತಿ ಕಳಿತ ಹಟ್ಟಿಗೊಬ್ಬರ, ಒಂದು ಪಾಲು ಹೊಳೆಯ ಮರಳು, ಜೊತೆಗೆ ಒಂದೆರಡು ಬೊಗಸೆ ಸುಡುಮಣ್ಣು ಸೇರಿಸಿಕೊಳ್ಳುವುದು ಒಳ್ಳೆಯದು. ಹಸಿ ಸಗಣಿಯನ್ನು ಮಾತ್ರ ಎಂದಿಗೂ ಹಾಕಬಾರದು. ಈ ಸೊಪ್ಪನ್ನು ನಾವು ಬೇಯಿಸದೆ ತಿನ್ನುತ್ತೇವೆ, ಎಲೆ ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಇದೇ ಕಾರಣಕ್ಕೆ ದನ, ಎಮ್ಮೆ ಮೇಯುವ ಜೌಗು ಗದ್ದೆಯಿಂದ ಕಿತ್ತ ಹಸಿ ಎಲೆಯನ್ನು ತಿನ್ನುವುದೂ ಸರಿಯಲ್ಲ. ಜಾನುವಾರುಗಳ ಯಕೃತ್ತಿನ ಹುಳದ ಮರಿಗಳು ಅಂಥ ನೀರಿನ ಸೊಪ್ಪುಗಳಿಗೆ ಅಂಟಿಕೊಂಡು ಮನುಷ್ಯನ ಹೊಟ್ಟೆಯನ್ನೂ ಸೇರಬಲ್ಲವು.

ನೆಡುವ ಕಾಲದ ಬಗ್ಗೆ ಎರಡು ಅಭಿಪ್ರಾಯಗಳಿವೆ. ಜೂನ್ ಮೊದಲ ಮಳೆಗೇ ನೆಡಬೇಕು ಎನ್ನುವವರು ಹೆಚ್ಚು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿಯಲ್ಲಿ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವುದರಿಂದ, ಬೇರು ಹಿಡಿಯದ ತುಂಡುಗಳು ಕೆಸರು ಸಿಡಿದು ಕೊಳೆಯುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಸೋಣ ತಿಂಗಳು ಕಳೆದು ಮಳೆಯ ಬಿರುಸು ತಗ್ಗಿದ ಮೇಲೆ, ಸೆಪ್ಟೆಂಬರ್ ಕೊನೆಗೆ ನೆಟ್ಟ ಪಾತಿಯೇ ನಮ್ಮಲ್ಲಿ ಚೆನ್ನಾಗಿ ಬಂದಿದೆ. ಮಳೆಗಾಲದಲ್ಲಿ ಬಸವನಹುಳದ ಕಾಟ ಬಹಳ. ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ ತೆಗೆಯುವುದೇ ಇದಕ್ಕೆ ಸುರಕ್ಷಿತ ದಾರಿ, ಏಕೆಂದರೆ ಹಸಿಯಾಗಿ ತಿನ್ನುವ ಎಲೆಯ ಸುತ್ತ ವಿಷದ ಗುಳಿಗೆ ಇಡುವಂತಿಲ್ಲ.

ಬಿಸಿಲು ಎಷ್ಟು ಬೇಕು ಎಂಬುದರ ಬಗ್ಗೆ ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯ ವಿಜ್ಞಾನಿಗಳು ಬೇರೆ ಬೇರೆ ಮೂಲದ ಗಿಡಗಳನ್ನು ಪೂರ್ಣ ಬಿಸಿಲಿನಲ್ಲೂ ನೆರಳಿನಲ್ಲೂ ಬೆಳೆಸಿ ಸೊಪ್ಪಿನ ಇಳುವರಿ ಮತ್ತು ಏಷಿಯಾಟಿಕೋಸೈಡ್ ಎರಡನ್ನೂ ಅಳೆದು 2000ದಲ್ಲಿ ವರದಿ ಮಾಡಿದ್ದಾರೆ. ಎಲ್ಲ ಗಿಡಗಳಿಗೂ ಹೊಂದುವ ಒಂದೇ ಉತ್ತರ ಇಂಥ ಅಧ್ಯಯನಗಳಿಂದ ಸಿಗುವುದಿಲ್ಲ. ತಳಿ ಬದಲಾದಂತೆ ಫಲಿತಾಂಶವೂ ಬದಲಾಗುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕ ದಿವ್ಯ, ಅರ್ಕ ಪ್ರಭಾವಿ ಎಂಬ ಒಂದೆಲಗದ ತಳಿಗಳನ್ನು ಹೊರತಂದಿದೆ; ಮಾರಾಟಕ್ಕೆ ಬೆಳೆಯುವವರು ಅಲ್ಲಿ ವಿಚಾರಿಸುವುದು ಒಳ್ಳೆಯದು. ಮನೆಯ ಬಳಕೆಗೆ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಜಾಗ ಸಾಕು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಬಾಳೆಯ ನೆರಳೋ ಅರ್ಧ ಬಿಸಿಲು ತಡೆಯುವ ಬಲೆಯೋ ಇಲ್ಲದಿದ್ದರೆ ಎಲೆಗಳು ಚಿಕ್ಕದಾಗಿ, ತಾಮ್ರದ ಬಣ್ಣಕ್ಕೆ ತಿರುಗಿ, ನಾರಾಗುತ್ತವೆ.

ಗೊಬ್ಬರದ ವಿಷಯದಲ್ಲಿ ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಉಪಯುಕ್ತವೆನಿಸಿತು. ಸಾರಜನಕ, ರಂಜಕ, ಪೊಟ್ಯಾಷ್‌ಗಳನ್ನು ಒಂದೊಂದಾಗಿ ಹೆಚ್ಚು ಕಡಿಮೆ ಮಾಡಿ ನೋಡಿದಾಗ, ಪೋಷಕಾಂಶ ಹೆಚ್ಚಾದಂತೆ ಗಿಡ ದೊಡ್ಡದಾಯಿತು, ಆದರೆ ಎಲೆಯಲ್ಲಿ ಔಷಧೀಯ ಸಂಯುಕ್ತಗಳ ಸಾಂದ್ರತೆ ಇಳಿಯಿತು. ಅಂದರೆ ಯೂರಿಯಾ ಹಾಕಿ ಬೆಳೆಸಿದ ಅಗಲವಾದ ಎಲೆ ನೋಡಲು ಚೆಂದ, ಔಷಧಿಯ ದೃಷ್ಟಿಯಿಂದ ತೆಳು. ಹುಣಿಯ ಮೇಲಿನ ಚಿಕ್ಕ ಎಲೆಯ ಚಟ್ನಿಗೇ ಹೆಚ್ಚು ರುಚಿ ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದ ಮಾತು ಇದನ್ನು ಓದಿದಾಗ ನೆನಪಾಯಿತು. ರುಚಿ ಬೇರೆ, ಅಳತೆ ಬೇರೆ ಎಂಬುದು ನಿಜ. ಆದರೂ ಎರಡು ತಿಂಗಳಿಗೊಮ್ಮೆ ಒಂದು ಬೊಗಸೆ ಕಳಿತ ಗೊಬ್ಬರಕ್ಕಿಂತ ಹೆಚ್ಚನ್ನು ನಾನು ಕೊಡುವುದಿಲ್ಲ.

ಈಗ ಮಣ್ಣಿನ ಪ್ರಶ್ನೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ತಿಮರೆಗೆ ಮಣ್ಣಿನಲ್ಲಿರುವ ಸೀಸ, ತಾಮ್ರ, ಸತು, ಕ್ಯಾಡ್ಮಿಯಂಗಳನ್ನು ಹೀರಿಕೊಳ್ಳುವ ಗುಣವಿದೆ. ಮಲೇಷ್ಯಾದ ಸಂಶೋಧಕರು ಒಂದು ಜಾಗದ ಮಣ್ಣು ಎಷ್ಟು ಕಲುಷಿತವಾಗಿದೆ ಎಂದು ತಿಳಿಯಲು ಈ ಗಿಡವನ್ನೇ ಸೂಚಕವಾಗಿ ಬಳಸಬಹುದೇ ಎಂದು ಅಧ್ಯಯನ ಮಾಡಿದ್ದಾರೆ. ಆದ್ದರಿಂದ ಹೆದ್ದಾರಿಯ ಬದಿ, ಚರಂಡಿಯ ಅಂಚು, ಕಾರ್ಖಾನೆಗಳ ಆಸುಪಾಸು, ಹಳೆಯ ಬ್ಯಾಟರಿ ಅಥವಾ ಪೇಂಟಿನ ಕಸ ಬಿದ್ದ ಜಾಗ, ಇಲ್ಲೆಲ್ಲ ಎಷ್ಟೇ ಸೊಂಪಾಗಿ ಬೆಳೆದಿದ್ದರೂ ಕೀಳಬಾರದು. ಇವು ಹೇಳಿದರೆ ಎಲ್ಲರಿಗೂ ತಿಳಿಯುವಂಥವು. ನಮ್ಮ ಊರಿನವರು ಗಮನಿಸದೇ ಹೋಗುವ ಜಾಗ ಇನ್ನೊಂದಿದೆ, ಅದು ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತೆಂದರೆ ತಾಮ್ರದ ಸಲ್ಫೇಟ್. ಮಳೆಗೆ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ, ಹೀಗೆ ವರ್ಷ ವರ್ಷವೂ ಗೊನೆಗೆ ಹೊಡೆದದ್ದು ತೊಟ್ಟಿಕ್ಕಿ ಬೀಳುವುದು ಬುಡದ ಮಣ್ಣಿಗೇ. ಆಟಿ ತಿಂಗಳಲ್ಲಿ ತೋಟದ ಕಣಿಯ ಬದಿಯಲ್ಲಿ ಹಬ್ಬಿದ ತಿಮರೆಯನ್ನು ಹತ್ತಿರದಿಂದ ನೋಡಿದರೆ ಎಲೆಯ ಮೇಲೆ ನೀಲಿ ಬೆರೆತ ಬಿಳಿ ಚುಕ್ಕೆಗಳು ಕಾಣುತ್ತವೆ. ಅವನ್ನು ತೊಳೆದು ತೆಗೆಯಬಹುದು, ಆದರೆ ಹತ್ತಾರು ವರ್ಷಗಳಿಂದ ಮಣ್ಣಿಗಿಳಿದ ತಾಮ್ರವನ್ನು ತೊಳೆಯಲಾಗುವುದಿಲ್ಲ. ನಮ್ಮ ಮೊದಲ ಪಾತಿಯನ್ನು ನೆರಳೂ ನೀರೂ ಒಟ್ಟಿಗೆ ಸಿಗುತ್ತದೆಂದು ತೋಟದಲ್ಲೇ ಮಾಡಿದ್ದೆ. ಇದು ಹೊಳೆದ ದಿನ ಅದನ್ನು ಪೂರ್ತಿ ಕಿತ್ತು, ಬಾವಿಯ ಬಳಿ ಹೊಸ ಮಣ್ಣು ತುಂಬಿದ ತೊಟ್ಟಿಗೆ ಬೇರೆ ಬಳ್ಳಿ ತಂದು ಹಾಕಿದೆ. ಹೆಚ್ಚಿನ ಪ್ರಮಾಣದಲ್ಲಿ ಬೆಳೆಯುವವರು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಮಣ್ಣನ್ನು ಪರೀಕ್ಷೆ ಮಾಡಿಸಿಕೊಂಡೇ ಮುಂದುವರಿಯಬೇಕು.

ನೆಟ್ಟು ಎರಡರಿಂದ ಮೂರು ತಿಂಗಳಿಗೆ ಮೊದಲ ಕೊಯ್ಲು. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಪೂರ್ತಿ ಅರಳಿದ ಎಲೆಗಳನ್ನು ತೊಟ್ಟಿನ ಸಹಿತ ಕತ್ತರಿಸಬೇಕು. ಎಳೆಯಬಾರದು, ಎಳೆದರೆ ಗೆಣ್ಣು ಬೇರು ಸಮೇತ ಎದ್ದು ಬರುತ್ತದೆ. ಒಣಗಿಸುವ ಉತ್ಸಾಹ ಬೇಡ. ಮಲೇಷ್ಯಾದಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಿಸಿಗಾಳಿಯ ಒಲೆಯಲ್ಲಿ ಒಣಗಿಸಿದ ಸೊಪ್ಪಿನಲ್ಲಿ ಅವರು ಅಳೆದ, ಫ್ಲೇವನಾಯ್ಡ್‌ಗಳೆಂಬ ಸಸ್ಯ ಸಂಯುಕ್ತಗಳ ಶೇ. 97ರಷ್ಟು ನಾಶವಾಗಿತ್ತು; ಶೈತ್ಯೀಕರಿಸಿ ಒಣಗಿಸಿದಾಗಲೂ ಶೇ. 73ರಷ್ಟು ಹೋಗಿತ್ತು. ಚರಕನೂ ಹಸಿ ರಸವನ್ನೇ ಹೇಳಿದ್ದಾನೆ, ನಮ್ಮ ಅಡುಗೆಮನೆಯೂ ಹಸಿ ಎಲೆಯನ್ನೇ ಅರೆಯುತ್ತದೆ.

ಇನ್ನು ಸಂಶೋಧನೆ ಏನು ಹೇಳುತ್ತದೆ ಎಂಬುದಕ್ಕೆ ಬರೋಣ. ಅತ್ಯಂತ ಗಟ್ಟಿಯಾದ ಕೆಲಸ ನಡೆದಿರುವುದು ಚರ್ಮ ಮತ್ತು ರಕ್ತನಾಳಗಳ ವಿಷಯದಲ್ಲಿ, ನಮ್ಮಲ್ಲಿ ಎಲ್ಲರೂ ಹೇಳುವ ನೆನಪಿನ ಶಕ್ತಿಯ ವಿಷಯದಲ್ಲಿ ಅಲ್ಲ. ಏಷಿಯಾಟಿಕೋಸೈಡ್ ಚರ್ಮದ ಜೀವಕೋಶಗಳಲ್ಲಿ ಕೊಲಾಜನ್ ಎಂಬ, ಚರ್ಮಕ್ಕೆ ಬಲ ಕೊಡುವ ಪ್ರೋಟೀನಿನ ತಯಾರಿಯನ್ನು ಚುರುಕುಗೊಳಿಸುತ್ತದೆ. ಗಾಯ ಕೂಡುವುದರಲ್ಲಿ ಇದರ ಪಾತ್ರಕ್ಕೆ ಅದೇ ಆಧಾರ. ಕಾಲಿನ ಅಭಿಧಮನಿಗಳ ದೌರ್ಬಲ್ಯವಿದ್ದ 94 ರೋಗಿಗಳಿಗೆ ಎರಡು ತಿಂಗಳು ದಿನಕ್ಕೆ 60 ಅಥವಾ 120 ಮಿಲಿಗ್ರಾಂ ಶುದ್ಧೀಕರಿಸಿದ ಸಾರವನ್ನು ಕೊಟ್ಟು 1987ರಲ್ಲಿ ವರದಿಯಾದ ಪ್ರಯೋಗದಲ್ಲಿ, ಮದ್ದಿಲ್ಲದ ಹುಸಿಗುಳಿಗೆ ಪಡೆದವರಿಗೆ ಹೋಲಿಸಿದರೆ ಕಾಲಿನ ಭಾರ ಮತ್ತು ಬಾವು ಕಡಿಮೆಯಾದದ್ದು ಕಂಡಿತು. ಆದರೆ ಅದು ಅಳತೆ ಕಟ್ಟಿದ ಸಾರ. ಚಟ್ನಿಯ ಒಂದು ಚಮಚಕ್ಕೆ ಆ ಫಲಿತಾಂಶವನ್ನು ಅನ್ವಯಿಸಲಾಗದು.

ನೆನಪಿನ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲೇ ನಡೆದ ಕೆಲಸವನ್ನು ಹೆಮ್ಮೆಯಿಂದ ಹೇಳಬೇಕು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದವರು ಇಲಿಮರಿಗಳಿಗೆ ತಾಜಾ ಎಲೆಯ ರಸವನ್ನು ದೇಹತೂಕದ ಪ್ರತಿ ಕಿಲೋಗೆ 2, 4 ಮತ್ತು 6 ಮಿಲಿಲೀಟರ್‌ನಂತೆ, ಎರಡು, ನಾಲ್ಕು ಮತ್ತು ಆರು ವಾರ ಕುಡಿಸಿ, ಅವುಗಳ ಕಲಿಕೆಯನ್ನೂ ಮೆದುಳಿನ ನರಕೋಶಗಳನ್ನೂ ಪರೀಕ್ಷಿಸಿದರು. ಅಮಿಗ್ಡಲಾ ಎಂಬ ಭಾಗದ ನರಕೋಶಗಳ ಟಿಸಿಲುಗಳು ಹೆಚ್ಚಿನ ಪ್ರಮಾಣವನ್ನು ಹೆಚ್ಚು ದಿನ ಕುಡಿದ ಇಲಿಗಳಲ್ಲಿ ಉದ್ದವಾಗಿ, ಹೆಚ್ಚು ಕವಲೊಡೆದು ಬೆಳೆದಿದ್ದವು. ಹಸಿ ರಸವನ್ನೇ ಬಳಸಿದ್ದು ಈ ಕೆಲಸದ ವಿಶೇಷ. ಆದರೂ 60 ಕಿಲೋ ತೂಕದ ಮನುಷ್ಯನಿಗೆ ಇದನ್ನು ನೇರವಾಗಿ ಗುಣಿಸಿದರೆ ದಿನಕ್ಕೆ 360 ಮಿಲಿಲೀಟರ್ ರಸವಾಗುತ್ತದೆ. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಹೀಗೆ ಗುಣಿಸುವಂತಿಲ್ಲ, ಅಷ್ಟು ಕುಡಿಯುವಂತೆಯೂ ಇಲ್ಲ. ಮನುಷ್ಯರ ಮೇಲೆ ನಡೆದ 11 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2017ರ ವಿಮರ್ಶೆಯೊಂದು, ಒಂದೆಲಗದಿಂದ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಹುಸಿಮದ್ದಿಗಿಂತ ಗಣನೀಯ ವ್ಯತ್ಯಾಸ ಕಾಣಲಿಲ್ಲ, ಮನಸ್ಸಿನ ಲವಲವಿಕೆಯಲ್ಲಿ ಸುಧಾರಣೆ ಇರಬಹುದು ಎಂದು ಹೇಳಿದೆ. ಪರೀಕ್ಷೆಯ ಹೊತ್ತಿಗೆ ಮಕ್ಕಳಿಗೆ ರಸ ಕುಡಿಸುವ ಪೋಷಕರು ಇದನ್ನು ತಿಳಿದಿರಬೇಕೆಂದು ನಾನು ಬಯಸುತ್ತೇನೆ.

ಎಚ್ಚರಿಕೆಯ ಮಾತೂ ಇದೆ. ಅರ್ಜೆಂಟೀನಾದಲ್ಲಿ ಒಂದೆಲಗದ ಮಾತ್ರೆಗಳನ್ನು 20ರಿಂದ 60 ದಿನ ಸೇವಿಸಿದ ಮೂವರು ಮಹಿಳೆಯರಿಗೆ ಯಕೃತ್ತಿನ ಉರಿಯೂತವಾಗಿ, ಮಾತ್ರೆ ನಿಲ್ಲಿಸಿದ ಮೇಲೆ ಗುಣವಾದದ್ದು 2005ರಲ್ಲಿ ವರದಿಯಾಗಿದೆ. ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ನಿದ್ದೆಯ ಅಥವಾ ಫಿಟ್ಸ್‌ನ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ರಸವನ್ನೋ ಮಾತ್ರೆಯನ್ನೋ ಔಷಧಿಯ ಪ್ರಮಾಣದಲ್ಲಿ ಸೇವಿಸಬಾರದು.

ಅಡುಗೆಗೆ ಬಳಸುವ ಕ್ರಮ ಸರಳ. ಒಂದು ಹಿಡಿ ಎಲೆಯನ್ನು ತೊಟ್ಟಿನೊಂದಿಗೆ ಮೂರು ನೀರಿನಲ್ಲಿ ತೊಳೆಯಬೇಕು. ಎಲೆಯ ಕಚ್ಚಿನಲ್ಲಿ ಮರಳು ಕೂತಿರುತ್ತದೆ, ಅಲ್ಲಿಗೆ ಬೆರಳು ಹೋಗಬೇಕು. ಚಟ್ನಿಗಾದರೆ ಅರ್ಧ ಕಡಿ ತೆಂಗಿನತುರಿ, ಎರಡು ಹಸಿಮೆಣಸು, ಸ್ವಲ್ಪ ಹುಣಿಸೆ, ಉಪ್ಪು ಸೇರಿಸಿ ನೀರು ಕಡಿಮೆ ಹಾಕಿ ಅರೆದು ಸಾಸಿವೆಯ ಒಗ್ಗರಣೆ ಕೊಟ್ಟರಾಯಿತು. ತಂಬುಳಿಗೆ ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಕಾಯಿತುರಿ ಮತ್ತು ಹಸಿ ಎಲೆಯೊಂದಿಗೆ ನುಣ್ಣಗೆ ಅರೆದು, ಹುಳಿಯಿಲ್ಲದ ಮಜ್ಜಿಗೆ ಬೆರೆಸಬೇಕು. ಅರೆದದ್ದು ಹೊತ್ತು ಕಳೆದಂತೆ ಕಪ್ಪಾಗುವುದರಿಂದ ಊಟಕ್ಕೆ ಕೂರುವ ಹೊತ್ತಿಗೇ ಅರೆಯುವುದು ವಾಸಿ. ವಾರಕ್ಕೆ ಎರಡು ಮೂರು ಸಲ ಹೀಗೆ ಊಟದ ಜೊತೆ ತಿನ್ನುವುದನ್ನು ನಾವು ಅನುಸರಿಸಿಕೊಂಡು ಬಂದಿದ್ದೇವೆ.

ಎರಡು ವರ್ಷಕ್ಕೆ ಪಾತಿ ಹೆಣೆದುಕೊಂಡು ಎಲೆ ಸಣ್ಣದಾಗುತ್ತದೆ. ಆಗ ಅಂಚಿನ ಎಳೆ ಬಳ್ಳಿಗಳನ್ನು ಕತ್ತರಿಸಿಟ್ಟುಕೊಂಡು, ಹಳೆಯದನ್ನು ಕಿತ್ತು, ಮಣ್ಣು ಬದಲಿಸಿ ಮತ್ತೆ ನೆಡಬೇಕು. ಉಳಿದ ಬಳ್ಳಿಯನ್ನು ನೆರೆಮನೆಯವರಿಗೆ ಕೊಡುವಾಗ ತಿಮರೆ, ಒಂದೆಲಗ, ಮಂಡೂಕಪರ್ಣಿ ಎಂದು ಮೂರೂ ಹೆಸರು ಬರೆದ ಚೀಟಿಯನ್ನು ಕಟ್ಟಿ, ತೊಟ್ಟು ಎಲೆಗೆ ಸೇರುವ ಜಾಗವನ್ನು ಒಮ್ಮೆ ಮಗುಚಿ ತೋರಿಸಿ ಕೊಡಿ.